ಒಂದು ಕಣ್ಣಿಗೆ ಸುಣ್ಣ

ಬೀಗದ ಕೈ ಮುರಿಯಲ್ ಥರ್ಟಲ್ ಅವರ ಅಡುಗೆಮನೆಯಲ್ಲಿ
ಬ್ರೆಡ್ ಡಬ್ಬಿಯ ಹಿಂದೆ ಮೊಳೆಗೆ ನೇತಾಡುತ್ತದೆ,
ಗೇಣುದ್ದ, ಸೌಟಿನಷ್ಟು ಭಾರ.
"ತಳ್ಳಬೇಡ. ಬಾಗಿಲನ್ನು ಮೊದಲು ಎತ್ತು, ಆಮೇಲೆ ತಳ್ಳು.
ಆರುನೂರು ವರ್ಷದಿಂದ ಜೋತುಬಿದ್ದಿದೆ" ಎಂದರು,
ತಮ್ಮ ಮೊಣಕಾಲಿನ ಬಗ್ಗೆ ಹೇಳಿದ ಹಾಗೆ.

ಹ್ಯಾಲ್ವರ್‌ಸ್ಟನ್. ನಾರ್ಫೋಕ್‌ನ ಸಪಾಟು ನೆಲ.
ಬೀಟ್ ಹೊಲಗಳ ನಡುವೆ ಚಕಮಕಿ ಕಲ್ಲಿನ ಚರ್ಚು.
ಊರು ಅದರಿಂದ ಅರ್ಧ ಮೈಲಿ ಸರಿದು ಕೂತಿದೆ,
ಪಾಲು ಮಾಡಿಕೊಂಡ ಅಣ್ಣನ ಹಾಗೆ.

ನನ್ನ ಕೆಲಸ ಕೆರೆಯುವುದು.
ಸರ್ಜನ್ನರ ಚಾಕು, ಹತ್ತಿ, ಹಣೆಗೆ ಕಟ್ಟಿದ ದೀಪ,
ಉತ್ತರದ ಗೋಡೆಯೆದುರು ಒಂದು ಏಣಿ.
ದಿನಕ್ಕೆ ನಾಲ್ಕು ಅಂಚೆಚೀಟಿಯಷ್ಟು ಇತಿಹಾಸ.

ಎಲ್ಲಕ್ಕೂ ಮೇಲೆ ಒಲೆಯ ಮಸಿ:
ವಿಕ್ಟೋರಿಯಾ ಕಾಲದ ಪಾದ್ರಿಯೊಬ್ಬ ಚಳಿಗೆ ಹೆದರಿ
ಕಬ್ಬಿಣದ ಒಲೆ ಇಡಿಸಿದ; ಉಪದೇಶ ಉದ್ದವಾಯಿತಂತೆ.
ಅದರಡಿ ಹಳದಿ ಸುಣ್ಣ. ಅದರಡಿ ನೀಲಿ ಬೆರೆತದ್ದು.
ಅದರಡಿ ರಾಜಲಾಂಛನದ ಸಿಂಹ, ಬರೀ ಹಿಂಭಾಗ.
ಬರೆದವನು ಸಿಂಹ ಕಂಡವನಲ್ಲ,
ನಾಯಿಯನ್ನು ಮಾತ್ರ ಚೆನ್ನಾಗಿ ಬಲ್ಲವನು.

ಬೆನ್ನು ಹಿಡಿದಾಗ ಇಳಿದು ಬಂದು
ಓಕ್ ಹಲಗೆಯ ಮೇಲಿನ ಪಾದ್ರಿಗಳ ಪಟ್ಟಿ ಓದುತ್ತೇನೆ.
ಸಾವಿರದ ಮುನ್ನೂರ ನಲವತ್ತೊಂಬತ್ತು:
ಒಂದೇ ವರ್ಷಕ್ಕೆ ಮೂರು ಹೆಸರು.
ವಾಲ್ಟರ್, ಹ್ಯೂ, ಇನ್ನೊಬ್ಬ ಬರೀ ಸೈಮನ್,
ಯಾವೂರಿನವನೆಂದು ಕೇಳಿ ಬರೆದುಕೊಳ್ಳುವಷ್ಟರಲ್ಲಿ
ಹೋಗಿಬಿಟ್ಟ.
ಮೂರು ಕಂಬಗಳ ತಲೆಗೆ ಬಳ್ಳಿಯ ಕೆತ್ತನೆ ಪೂರ್ತಿ,
ನಾಲ್ಕನೆಯದಕ್ಕೆ ಎರಡೂವರೆ ಎಲೆ.
ನೂರು ವರ್ಷದ ಮೇಲೆ ಉಣ್ಣೆಯ ದುಡ್ಡು ಬಂತು,
ಗೋಪುರ ಎದ್ದಿತು, ಗಂಟೆ ಏರಿತು;
ಆ ಅರ್ಧ ಎಲೆಗೆ ಯಾರೂ ಉಳಿ ತಾಗಿಸಲಿಲ್ಲ.

ಸುಣ್ಣ ಹೊಡೆದವನ ಹೆಸರು ಲೆಕ್ಕದ ಪುಸ್ತಕದಲ್ಲಿದೆ:
'ಚಿತ್ರ ಅಳಿಸಲು ರಾಬರ್ಟ್ ಡ್ಯಾಕ್‌ಗೆ ಎರಡು ದಿನದ ಕೂಲಿ.
ಸುಣ್ಣ ಅರ್ಧ ಬಂಡಿ. ಬಿಯರ್ ಎರಡು ಪೆನ್ನಿ.'
ಲಂಡನ್ನಿನ ಆಜ್ಞೆ: ಸಂತರು ಸುಳ್ಳು, ಗೋಡೆ ಬೆಳ್ಳಗಿರಲಿ.
ಅದೇ ಪುಸ್ತಕದಲ್ಲಿ ಹದಿನೆಂಟು ಹಾಳೆ ಹಿಂದೆ
ಅದೇ ಚಿತ್ರಕ್ಕೆ ಬಣ್ಣ ಕೊಡಿಸಿದವರ ಸಾಲು:
'ಆಗ್ನೆಸ್ ಡ್ಯಾಕ್, ವಿಧವೆ, ಒಂದು ಕುರಿ.'
ಅವನ ತಾಯಿಯೋ ಅಜ್ಜಿಯೋ
ಪುಸ್ತಕ ಬಾಯಿ ಬಿಡುವುದಿಲ್ಲ.

ಹನ್ನೊಂದನೆಯ ದಿನ ಮುಖ ಸಿಕ್ಕಿತು.
ಮಗುವನ್ನು ಹೆಗಲಲ್ಲಿ ಹೊತ್ತು ಹೊಳೆ ದಾಟಿಸುವ ಸಂತ.
ಬಲಗಣ್ಣು ಇಲ್ಲ. ಮೊಳೆಯಿಂದ ತೋಡಿದ ಗುಳಿ,
ನೋಡಲು ನಿಂತವರಿಗೆ ಕಾಣಲೆಂದೇ
ಆಳವಾಗಿ ಎಳೆದ ಮೂರು ಗೀರು.
ಎಡಗಣ್ಣಿನ ಮೇಲೆ ಮಾತ್ರ ಸುಣ್ಣ ದಪ್ಪ,
ಕುಂಚದ್ದಲ್ಲ, ಬೆರಳಿನಲ್ಲಿ ಮೆತ್ತಿದ್ದು.
ಹೆಬ್ಬೆಟ್ಟಿನ ಗೆರೆಗಳು ಹಾಗೇ ಒಣಗಿವೆ,
ಅಳುವ ಕೂಸಿಗೆ ಕಾಡಿಗೆ ಹಚ್ಚುವಾಗಿನ ಒತ್ತು.

ನಮ್ಮಲ್ಲಿ ಒಂದು ಗಾದೆ, ಭೇದ ಮಾಡುವವರಿಗೆ:
ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ.
ಇಲ್ಲಿ ಒಂದಕ್ಕೆ ಮೊಳೆ, ಒಂದಕ್ಕೆ ಸುಣ್ಣ.
ಏಣಿಯ ಮೇಲೆ ನಿಂತು ಮೊದಲ ಸಲ ಅನ್ನಿಸಿತು,
ಸುಣ್ಣವೇ ಬೆಣ್ಣೆಯಾದದ್ದೂ ಇರಬಹುದು.

ಇರಬಹುದು, ಅಷ್ಟೇ.
ಅದರಡಿ ಕಣ್ಣಿದೆಯೋ, ಅಲ್ಲೂ ಗುಳಿಯೋ,
ತಿಳಿಯಬೇಕಾದರೆ ಹೆಬ್ಬೆಟ್ಟು ಅಳಿಸಬೇಕು.

ಮುರಿಯಲ್ ಚಹಾ ತಂದರು. ಮೊಣಕಾಲು ಶಪಿಸುತ್ತ
ಏಣಿಯ ಮೂರು ಮೆಟ್ಟಿಲು ಹತ್ತಿ,
ತಮ್ಮ ಹೆಬ್ಬೆರಳನ್ನು ಗೋಡೆಯ ಹತ್ತಿರ ಹಿಡಿದರು,
ಮುಟ್ಟಲಿಲ್ಲ.
"ದಪ್ಪ ಬೆರಳು" ಎಂದರು. ಮತ್ತೆ, "ಚಹಾ ಆರುತ್ತೆ."

ಬಾವಲಿಗಳು ಎದ್ದವು. ಚಾಕು ಒರೆಸಿಟ್ಟೆ.
ವರದಿಯಲ್ಲಿ ಬರೆದೆ: ಎಡಗಣ್ಣು, ತೆರೆದಿಲ್ಲ.
ಕಾರಣ ಎಂಬ ಖಾನೆಯಲ್ಲಿ ಪೆನ್ನು
ಎರಡೂವರೆ ಅಕ್ಷರ ಬರೆದು ನಿಂತಿತು.
ಹೊರಗೆ ಬಂದು, ಬಾಗಿಲನ್ನು ಮೊದಲು ಎತ್ತಿ,
ಆಮೇಲೆ ಎಳೆದೆ.